ಪ್ಯಾರಿಸ್‌ನಲ್ಲಿ ಹುಟ್ಟಿದ ಸವೋಯ್‌ನ ಯೂಜೀನ್ ಆಸ್ಟ್ರಿಯಾವನ್ನು ಆಳುತ್ತಿದ್ದ ಪವಿತ್ರ ರೋಮನ್ ಚಕ್ರವರ್ತಿಯ ಸೇನೆಯಲ್ಲಿ ಅಷ್ಟು ಮೇಲೇರಿದ್ದು ಹೇಗೆ?

ಮೊದಲು ಬಾಗಿಲು ಮುಚ್ಚಿದ್ದು ಫ್ರಾನ್ಸೇ. ಸಣಕಲು ಹುಡುಗ, ಪಾದ್ರಿಯಾಗಲಿ ಎಂದು ಮನೆಯವರ ಆಸೆ. ಸೇನೆಗೆ ಸೇರಿಸಿಕೊಳ್ಳಿ ಎಂದರೆ ದೊರೆ 14ನೇ ಲೂಯಿ ಒಪ್ಪಲಿಲ್ಲ. 1683ರಲ್ಲಿ ದೇಶ ಬಿಟ್ಟು ಚಕ್ರವರ್ತಿ ಲಿಯೋಪೋಲ್ಡ್ ಬಳಿ ಹೋದ. ಆಗ ಆಟೋಮನ್ ಸೈನ್ಯ ವಿಯೆನ್ನಾವನ್ನು ಮುತ್ತಿತ್ತು. ಆ ಯುದ್ಧದಲ್ಲಿ ತೋರಿದ ಧೈರ್ಯಕ್ಕೆ ಡಿಸೆಂಬರ್‌ನಲ್ಲೇ ಒಂದು ಡ್ರಾಗೂನ್ (ಕುದುರೆ ಸವಾರರ) ರೆಜಿಮೆಂಟಿನ ನಾಯಕತ್ವ ಸಿಕ್ಕಿತು. ವಯಸ್ಸು ಬರೀ 20!

1693ಕ್ಕೆ ಫೀಲ್ಡ್ ಮಾರ್ಷಲ್, ಅಂದರೆ ಸೇನೆಯ ಅತಿ ಎತ್ತರದ ದರ್ಜೆ. ಇದು ಸುಮ್ನೆ ಬಂದ ಅದೃಷ್ಟವಲ್ಲ. 1697ರ ಝೆಂಟಾ ಯುದ್ಧವನ್ನೇ ನೋಡಿ. ಆಟೋಮನ್ ಸುಲ್ತಾನನ ಸೈನ್ಯ ತಿಸಾ ನದಿ ದಾಟುತ್ತಿತ್ತು. ಕುದುರೆ ದಳ ಆಚೆ ದಡದಲ್ಲಿ, ಕಾಲಾಳುಗಳು ಇನ್ನೂ ಈಚೆ. ಸಂಜೆ ಹತ್ತಿರವಾಗಿತ್ತು. ಬೇರೆಯವರಾಗಿದ್ದರೆ ಬೆಳಗಾಗಲಿ ಅನ್ನುತ್ತಿದ್ದರೇನೋ. ಯೂಜೀನ್ ಆಗಲೇ ನುಗ್ಗಿ ಗೆದ್ದ.

ನನಗೆ ಜಾಸ್ತಿ ಇಷ್ಟವಾಗುವುದು ಅವನ ಸಹಿ: ‘ಯುಜೆನಿಯೋ ಫಾನ್ ಸವೋಯ್’. ಒಂದೇ ಹೆಸರಲ್ಲಿ ಇಟಾಲಿಯನ್, ಜರ್ಮನ್, ಫ್ರೆಂಚ್ ಮೂರೂ ಇವೆ.