ಬಾಯಿಲೆಕ್ಕವನ್ನು ಮಾತುಕತೆಯಲ್ಲೇ ಕಲಿಸುವುದು ಹೇಗೆ?

ಮೂರನೇ ಕ್ಲಾಸಿನ ಮಕ್ಕಳಿಗೆ ಚರ್ಚೆಯ ಮೂಲಕ ಬಾಯಿಲೆಕ್ಕ ಕಲಿಸುವುದು ಹೇಗೆ ಅಂತ ಕೇಳಿದ್ದೀರಿ. ದಿನಕ್ಕೆ ಹತ್ತು ನಿಮಿಷ ಸಾಕು. ಅಮೆರಿಕದ ಶಾಲೆಗಳಲ್ಲಿ ಇದಕ್ಕೆ ‘ನಂಬರ್ ಟಾಕ್’ ಅನ್ನುತ್ತಾರೆ.

ಬೋರ್ಡಿನ ಮೇಲೆ ಒಂದೇ ಲೆಕ್ಕ ಬರೆಯಿರಿ, ಅದೂ ಅಡ್ಡಸಾಲಿನಲ್ಲಿ: 52 − 28. ಒಂದರ ಕೆಳಗೊಂದು ಬರೆದರೆ ಮಕ್ಕಳು ಯೋಚಿಸದೆ ಸುಮ್ನೆ ದಶಕ ತರಲು ಹೊರಡುತ್ತಾರೆ. ಸ್ಲೇಟು, ಪೆನ್ಸಿಲ್ ಬೇಡ. ಉತ್ತರ ಸಿಕ್ಕವರು ಕೈ ಎತ್ತದೆ, ಎದೆಯ ಹತ್ತಿರ ಹೆಬ್ಬೆರಳು ತೋರಿಸಲಿ. ಹತ್ತು ಕೈ ಮೇಲೆದ್ದರೆ ಇನ್ನೂ ಯೋಚಿಸುತ್ತಿರುವ ಮಗು ಅಲ್ಲಿಗೇ ಕೈಬಿಡುತ್ತದೆ, ಅಲ್ವಾ?

ಬಂದ ಉತ್ತರಗಳನ್ನೆಲ್ಲ ಬರೆಯಿರಿ, ತಪ್ಪಾದದ್ದನ್ನೂ. ಆಮೇಲೆ ‘ಹೇಗೆ ಬಂತು?’ ಅಂತ ಕೇಳಿ. ಒಬ್ಬಳು 28ರಿಂದ 30ಕ್ಕೆ 2, ಅಲ್ಲಿಂದ 52ಕ್ಕೆ 22, ಒಟ್ಟು 24 ಅನ್ನುತ್ತಾಳೆ. ಅಂಗಡಿಯವರು ಚಿಲ್ಲರೆ ಎಣಿಸಿ ಕೊಡುವುದೂ ಹೀಗೇ. ಇನ್ನೊಬ್ಬ ಎರಡಕ್ಕೂ 2 ಸೇರಿಸಿ 54 − 30 ಮಾಡುತ್ತಾನೆ. 36 ಅಂದವನು ಬಿಡಿಸ್ಥಾನದಲ್ಲಿ 2ರಲ್ಲಿ 8 ಕಳೆಯುವ ಬದಲು 8ರಲ್ಲಿ 2 ಕಳೆದಿರುತ್ತಾನೆ. ನನಗೆ ಜಾಸ್ತಿ ಇಷ್ಟವಾಗುವುದು ಈ ಉತ್ತರವೇ. ‘ತಪ್ಪು’ ಅನ್ನಬೇಡಿ. ‘28ಕ್ಕೆ 36 ಕೂಡಿಸಿದರೆ ಎಷ್ಟು?’ ಅಂತ ಕೇಳಿ. ‘ಅಯ್ಯೋ, 60 ದಾಟಿತು’ ಅಂತ ಅವನೇ ಹೇಳುತ್ತಾನೆ.

ಕನ್ನಡದಲ್ಲಿ ಒಂದು ಅನುಕೂಲವಿದೆ. ‘ಐವತ್ತೆರಡು’ ಅಂದಾಗಲೇ ಐವತ್ತು, ಎರಡು ಬೇರೆಬೇರೆ ಕೇಳಿಸುತ್ತವೆ. ಹಿಂದಿಯ ‘ಬಾವನ್’ನಲ್ಲಿ ಅಷ್ಟು ಸುಲಭವಿಲ್ಲ. ಹಾಗಾಗಿ ಲೆಕ್ಕವನ್ನು ಬಾಯಿಬಿಟ್ಟು ಓದಿಸಿ.

ಮೊದಮೊದಲು ಮಕ್ಕಳು ಮಾತಾಡಲು ಹಿಂಜರಿಯಬಹುದು. 9 + 6ರಂಥ ಸುಲಭದ್ದರಿಂದಲೇ ಶುರು ಮಾಡಿ.