ಮಳೆಯಲ್ಲಿ ಧೂಳು ಎಲ್ಲಿಂದ ಬರಬೇಕು?

ನಮಸ್ಕಾರ. ಮಳೆಗೆ ನಿಮ್ಮೂರಲ್ಲಿ ಮನೆ ಬಿದ್ದದ್ದರ ಬಗ್ಗೆ ನೀವು ಕಳಿಸಿದ ವರದಿಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ತಿದ್ದಿ ಕಳಿಸಿ, ಈ ಸುದ್ದಿ ನನಗೆ ಬೇಕು.

ಶೀರ್ಷಿಕೆಯಲ್ಲೇ ‘ಮಳೆಗೆ 12 ಮನೆ ಧೂಳೀಪಟ’ ಎಂದಿದ್ದೀರಿ. ಒಳಗೆ ಇನ್ನೂ ನಾಲ್ಕು ಕಡೆ ಅದೇ ಪದ, ಕೊನೆಗೆ ಊರವರ ಕನಸೂ ಧೂಳೀಪಟ. ಆ ಪದದೊಳಗೆ ಏನಿದೆ ಅಂತ ಒಮ್ಮೆ ನೋಡಿ. ಧೂಳು ಇದೆ. ಮೂರು ದಿನ ಬಿಡದೆ ಸುರಿದ ಮಳೆಗೆ ನೆನೆದ ಮಣ್ಣಿನ ಗೋಡೆ ಬಿದ್ದರೆ ಧೂಳು ಏಳುವುದಿಲ್ಲ. ಗೋಡೆ ಬುಡದಲ್ಲಿ ಉಬ್ಬುತ್ತದೆ, ಆಮೇಲೆ ಹಾಗೇ ಕೆಸರಾಗಿ ಕುಸಿದು ಕೂರುತ್ತದೆ. ನೀವು ಅಲ್ಲೇ ಇದ್ದವರು, ಇದು ನನಗಿಂತ ಜಾಸ್ತಿ ನಿಮಗೆ ಗೊತ್ತು.

ನಿಜವಾದ ಧೂಳೀಪಟ ಅಂದರೆ 2022ರ ಆಗಸ್ಟ್ 28ರಂದು ನೊಯ್ಡಾದ ಅವಳಿ ಕಟ್ಟಡಗಳನ್ನು ಉರುಳಿಸಿದರಲ್ಲ, ಅದು. ಸುಮಾರು 3,700 ಕೆ.ಜಿ. ಸ್ಫೋಟಕ. ಹತ್ತು ಸೆಕೆಂಡೊಳಗೆ ಕಟ್ಟಡಗಳಿದ್ದ ಜಾಗದಲ್ಲಿ ಬರೀ ಧೂಳಿನ ಮೋಡ.

ಈ ಪದವನ್ನು ಸವೆಸಿದವರು ಪತ್ರಿಕೆಯವರಾದ ನಾವೇ, ಅದರಲ್ಲೂ ಕ್ರೀಡಾ ಪುಟದಲ್ಲಿ. 2023ರ ಏಷ್ಯಾ ಕಪ್ ಫೈನಲ್‌ನಲ್ಲಿ ಸಿರಾಜ್ 6 ವಿಕೆಟ್ ಕಿತ್ತು ಶ್ರೀಲಂಕಾ 50 ರನ್‌ಗೆ ಆಲೌಟ್ ಆಯಿತು. ಅಂಥ ದಿನ ‘ಲಂಕಾ ಧೂಳೀಪಟ’ ಅಂತ ಬರೆದರೆ ನನ್ನ ತಕರಾರಿಲ್ಲ, ಸೋತವರು ಮುಂದಿನ ಪಂದ್ಯಕ್ಕೆ ಎದ್ದು ಬರುತ್ತಾರೆ ಅಂತ ಓದುವವರಿಗೆ ಗೊತ್ತು. ಆದರೆ ದಾಖಲೆ ಧೂಳೀಪಟ, ಬಾಕ್ಸ್ ಆಫೀಸ್ ಧೂಳೀಪಟ, ಪಕ್ಷ ಧೂಳೀಪಟ ಅಂತ ದಿನಾ ಓದಿದ ಕಣ್ಣಿಗೆ ನಿಮ್ಮೂರಿನ ಮನೆಗಳು ಎದುರಾದಾಗ ಏನೂ ಕಾಣುವುದಿಲ್ಲ, ಅಲ್ವಾ?

‘ಕೊಚ್ಚಿಹೋಯಿತು’ ಅನ್ನುವುದೂ ಹಾಗೇ. ಪ್ರತಿ ಚುನಾವಣೆಯಲ್ಲೂ ಯಾರದೋ ಅಲೆಯಲ್ಲಿ ಇನ್ಯಾರೋ ಕೊಚ್ಚಿಹೋಗುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಆ ಪದಕ್ಕೆ ಮತ್ತೆ ಜೀವ ಬಂತು. 33 ಗೇಟ್‌ಗಳಲ್ಲಿ ಹೋದದ್ದು ಯಾವುದು, ತುಂಡಾದದ್ದು ಏನು, ಎಲ್ಲವೂ ಆ ಪದದ ಪಕ್ಕದಲ್ಲೇ ಇತ್ತು.

ಇದು ಬರೀ ಭಾಷೆಯ ವಿಷಯ ಅಂದುಕೊಳ್ಳಬೇಡಿ. 2019ರ ನೆರೆಯಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ್ದರು. ಶೇ 75ಕ್ಕಿಂತ ಜಾಸ್ತಿ ಹಾನಿಯಾಗಿದ್ದರೆ ಎ, ಅದಕ್ಕೆ 5 ಲಕ್ಷ ರೂಪಾಯಿ. ಒಂದು ಗೋಡೆ ಉಳಿದಿದೆಯೋ ಇಲ್ಲವೋ ಅನ್ನುವುದರ ಮೇಲೆ ಒಂದು ಸಂಸಾರಕ್ಕೆ ಸಿಗುವ ದುಡ್ಡು ನಿಂತಿತ್ತು. ನಿಮ್ಮ 12 ಮನೆಗಳಲ್ಲಿ ಪೂರ್ತಿ ಬಿದ್ದದ್ದೆಷ್ಟು, ಹಿತ್ತಲ ಗೋಡೆ ಮಾತ್ರ ಹೋದದ್ದೆಷ್ಟು, ಬರೀ ಹೆಂಚು ಒಡೆದದ್ದೆಷ್ಟು? ನೀವು ಎಲ್ಲಕ್ಕೂ ಒಂದೇ ಪದ ಹಾಕಿದ್ದೀರಿ. ಗ್ರಾಮ ಆಡಳಿತಾಧಿಕಾರಿಯ (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರಲ್ಲ, ಅವರ) ಹತ್ತಿರ ಪಟ್ಟಿ ಕೇಳಿ. ಅದನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ ನೋಡಿ. ಪಟ್ಟಿಗೂ ಕಣ್ಣಿಗೆ ಕಂಡದ್ದಕ್ಕೂ ತಾಳೆ ಆಗದಿದ್ದರೆ ಅದೇ ದೊಡ್ಡ ಸುದ್ದಿ.

ಈಗ ಆರನೇ ಪ್ಯಾರಾಕ್ಕೆ ಬರುತ್ತೇನೆ. ಅಜ್ಜಿಯೊಬ್ಬರು ಕೆಸರಿನಿಂದ ರೇಷನ್ ಕಾರ್ಡ್ ಹುಡುಕಿ ತೆಗೆದು, ಪಕ್ಕದ ಮನೆಯ ಒಲೆ ಮುಂದೆ ಹಿಡಿದು ಒಣಗಿಸುತ್ತಾರೆ. ಬಿಸಿಗೆ ಮುದುಡೀತು ಅಂತ ಆಗಾಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅಲ್ಲಿಗೆ ಬಂದಾಗ ನನಗೆ ಮುಂದೆ ಓದಲು ಆಗಲಿಲ್ಲ, ಸುಮ್ನೆ ಕೂತುಬಿಟ್ಟೆ. ಆ ಪ್ಯಾರಾದಲ್ಲಿ ಧೂಳೀಪಟ ಒಂದು ಸಲವೂ ಬಂದಿಲ್ಲ.

ಅಲ್ಲಿಂದ ಶುರು ಮಾಡಿ, ಮೊದಲ ಐದು ಪ್ಯಾರಾ ತೆಗೆದುಹಾಕಿ. ಆ ಅಜ್ಜಿಯ ಮನೆ ಎಷ್ಟು ಹೋಗಿದೆ, ಪಟ್ಟಿಯಲ್ಲಿ ಎಷ್ಟು ಅಂತ ಬರೆದುಕೊಂಡಿದ್ದಾರೆ, ಎರಡೂ ಇರಲಿ. ಶುಕ್ರವಾರದೊಳಗೆ ಕಳಿಸಿ. ಭಾನುವಾರಕ್ಕೆ ಜಾಗ ಇಟ್ಟಿರುತ್ತೇನೆ.