ಮಗನ ಬಿಪಿ: ಯಾವ ಅಂಕಿಯನ್ನು ನಂಬಬೇಕು?

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ, ಮೈಕಟ್ಟು ತೆಳು. ಶಾಲೆಯಲ್ಲಿ ನಡೆದ ಆರೋಗ್ಯ ತಪಾಸಣೆಗೆ ಅವನನ್ನು ಆಟದ ಮೈದಾನದಿಂದಲೇ ಕರೆಸಿ, ಬಿಪಿ 128/84 ಎಂದು ಚೀಟಿ ಕೊಟ್ಟರು. ಅಂದು ಸಂಜೆ ನಮ್ಮ ಮಾವನವರ ಡಿಜಿಟಲ್ ಯಂತ್ರದಲ್ಲಿ ನೋಡಿದರೆ 96/58 ಬಂತು. ಯಾವುದು ಸರಿ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಎರಡನ್ನೂ ಆಧಾರವಾಗಿಟ್ಟುಕೊಂಡು ತೀರ್ಮಾನಕ್ಕೆ ಬರಬೇಡಿ. ಬಿಸಿಲಿನಲ್ಲಿ ಓಡಿ ಬಂದ ಮಗುವಿನ ಒತ್ತಡ ಸಹಜವಾಗಿಯೇ ಏರಿರುತ್ತದೆ. ಸುತ್ತ ಸಾಲುಗಟ್ಟಿ ನಿಂತ ಮಕ್ಕಳ ಗದ್ದಲ, ಅಪರಿಚಿತರ ಭಯ, ನಡುವೆ ಆಡುವ ಮಾತು, ಇವೂ ಅದನ್ನು ಮೇಲಕ್ಕೆ ಒಯ್ಯುತ್ತವೆ. ಮನೆಯ ಅಂಕಿ ಕಡಿಮೆ ಬಂತೆಂದು ನಿಶ್ಚಿಂತರಾಗುವಂತೆಯೂ ಇಲ್ಲ.

ಅದಕ್ಕೆ ಕಾರಣ ತೋಳಿಗೆ ಸುತ್ತುವ ಪಟ್ಟಿ. ನಿಮ್ಮ ಮಾವನವರ ಯಂತ್ರದ ಪಟ್ಟಿಯ ಮೇಲೆ ಅದು ಎಷ್ಟು ಸುತ್ತಳತೆಯ ತೋಳಿಗೆ ಹೊಂದುತ್ತದೆ ಎಂದು ಮುದ್ರಿಸಿರುತ್ತಾರೆ; ವಯಸ್ಕರ ಪಟ್ಟಿಗಳಲ್ಲಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ಎಂದಿರುತ್ತದೆ. ಈಗ ಹೊಲಿಗೆ ಟೇಪಿನಿಂದ ಮಗನ ಭುಜದ ತುದಿಗೂ ಮೊಣಕೈಗೂ ನಡುಮಧ್ಯದಲ್ಲಿ ತೋಳನ್ನು ಅಳೆಯಿರಿ. 18 ಸೆಂ.ಮೀ. ಇದೆ ಎಂದಿಟ್ಟುಕೊಳ್ಳೋಣ. ಪಟ್ಟಿಯೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40ರಷ್ಟಾದರೂ, ಉದ್ದ ಶೇ. 80ರಿಂದ 100ರಷ್ಟು ಇರಬೇಕೆಂಬುದು ನಿಯಮವಾದ್ದರಿಂದ, ಅವನಿಗೆ ಸುಮಾರು 7 ಸೆಂ.ಮೀ. ಅಗಲ, 14ರಿಂದ 18 ಸೆಂ.ಮೀ. ಉದ್ದದ ಚೀಲ ಬೇಕು. ದೊಡ್ಡ ಪಟ್ಟಿ ಒತ್ತಡವನ್ನು ಕಡಿಮೆ ತೋರಿಸುತ್ತದೆ, ಚಿಕ್ಕದು ಹೆಚ್ಚು ತೋರಿಸುತ್ತದೆ. ದಪ್ಪ ತೋಳಿನ ಮಗುವಿಗೆ ಚಿಕ್ಕ ಪಟ್ಟಿ ಸುತ್ತಿ, ಇಲ್ಲದ ಬಿಪಿಯನ್ನು ಇದೆ ಎಂದುಕೊಳ್ಳುವುದೂ ಉಂಟು.

ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲೋ ಕಲಬುರಗಿಯಲ್ಲೋ ಮಕ್ಕಳ ವೈದ್ಯರಿಗೆ ತೋರಿಸಿ, ಮಕ್ಕಳ ಪಟ್ಟಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಮಗ ಮೂರರಿಂದ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ ಸುಮ್ಮನೆ ಕುಳಿತ ಮೇಲೆ, ಬಲತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆಯಬೇಕು. ಮಹಾಧಮನಿ ಕಿರಿದಾಗಿರುವ ಕೆಲವು ಮಕ್ಕಳಲ್ಲಿ ಎಡತೋಳಿನ ಅಂಕಿ ತಪ್ಪಾಗಿ ಕಡಿಮೆ ಬರುವುದರಿಂದ ಬಲತೋಳೇ ಸೂಕ್ತ. ಯಂತ್ರದಲ್ಲಿ ಹೆಚ್ಚು ಬಂದರೆ ಸ್ಟೆತಸ್ಕೋಪ್ ಇಟ್ಟು ಕೇಳಿ ಖಚಿತಪಡಿಸಿಕೊಳ್ಳುತ್ತಾರೆ.

ಹದಿಮೂರು ವರ್ಷದೊಳಗಿನವರಿಗೆ 120/80 ಎಂಬ ದೊಡ್ಡವರ ಗಡಿ ಅನ್ವಯಿಸುವುದಿಲ್ಲ. ವಯಸ್ಸು, ಲಿಂಗ, ಎತ್ತರ ನೋಡಿ ಕೋಷ್ಟಕದೊಂದಿಗೆ ಹೋಲಿಸುತ್ತಾರೆ. ರೋಗಲಕ್ಷಣಗಳಿಲ್ಲದ ಮಗುವಿನಲ್ಲಿ ಬೇರೆ ಬೇರೆ ದಿನದ ಮೂರು ಭೇಟಿಗಳಲ್ಲೂ ಹೆಚ್ಚು ಬಂದರೆ ಮಾತ್ರ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಆದ್ದರಿಂದ ಒಂದು ಚೀಟಿ ಹಿಡಿದು ಮಾತ್ರೆ ಶುರು ಮಾಡಬೇಡಿ. ಆದರೆ ತೀವ್ರ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಮುಖದ ಊತ ಅಥವಾ ಮೂತ್ರ ಕೆಂಪಾಗುವುದು ಕಂಡರೆ ಮುಂದಿನ ಭೇಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.